ಫ್ಲೂ ಸಾವುಗಳನ್ನೇ ಕೊರೊನಾ ಲೆಕ್ಕಕ್ಕೆ ಸೇರಿಸಿದರೇ? ವಾಟ್ಸಾಪ್ ವಾದದಲ್ಲಿ ಎಷ್ಟು ನಿಜವಿದೆ

“ಕೊರೊನಾ ಬಂದ ಮೇಲೆ ಫ್ಲೂ, ನ್ಯುಮೋನಿಯಾ ಎಲ್ಲಾ ಮಾಯವಾದವು. ಹಳೆಯ ಕಾಯಿಲೆಗಳಿಗೇ ಹೊಸ ಹೆಸರು ಕೊಟ್ಟು ಹೆದರಿಸಿದರು.” ಈ ಅರ್ಥದ ಸಂದೇಶ ನಿಮಗೂ ಬಂದಿರಬಹುದು. ಇದಕ್ಕೆ ಸಾಮಾನ್ಯವಾಗಿ ಅಮೆರಿಕದ ಅಂಕಿ-ಅಂಶಗಳನ್ನೇ ತೋರಿಸುತ್ತಾರೆ. ಹಾಗಾಗಿ ನಾವೂ ಅವನ್ನೇ ನೋಡೋಣ.

ಅಮೆರಿಕದಲ್ಲಿ 2019ರಲ್ಲಿ ಸಿಒಪಿಡಿಯಂಥ ದೀರ್ಘಕಾಲದ ಶ್ವಾಸಕೋಶದ ಕಾಯಿಲೆಗಳಿಂದ ಸುಮಾರು 1.57 ಲಕ್ಷ ಜನ ಸತ್ತಿದ್ದರು. 2021ರಲ್ಲಿ ಅದು ಸುಮಾರು 1.42 ಲಕ್ಷಕ್ಕೆ ಇಳಿಯಿತು. ಫ್ಲೂ ಮತ್ತು ನ್ಯುಮೋನಿಯಾ ಸೇರಿಸಿದ ಲೆಕ್ಕ 2020ರಲ್ಲಿ ಸ್ವಲ್ಪ ಏರಿ, 2021ರಲ್ಲಿ ಸುಮಾರು 42 ಸಾವಿರಕ್ಕೆ ಬಂತು. 2019ರಲ್ಲಿ ಅದು 50 ಸಾವಿರದ ಹತ್ತಿರ ಇತ್ತು. ಅಂದರೆ ಇಳಿಕೆ ನಿಜ. ಸಂದೇಶದ ಈ ಅರ್ಧವನ್ನು ಒಪ್ಪಲೇಬೇಕು.

ಆದರೆ ಎರಡೂ ಸೇರಿ ಇಳಿದದ್ದು ಸುಮಾರು 22 ಸಾವಿರ. ಇದೇ ಅವಧಿಯಲ್ಲಿ ಎಲ್ಲಾ ಕಾರಣಗಳೂ ಸೇರಿದ ಒಟ್ಟು ಸಾವು 28.5 ಲಕ್ಷದಿಂದ 34.6 ಲಕ್ಷಕ್ಕೆ ಏರಿತು. ಅಂದರೆ 6 ಲಕ್ಷ ಹೆಚ್ಚು! ಎಡ ಜೇಬಿನ ದುಡ್ಡನ್ನು ಬಲ ಜೇಬಿಗೆ ಹಾಕಿದರೆ ಒಟ್ಟು ದುಡ್ಡು ಹೆಚ್ಚುತ್ತದೆಯೇ? ಬರೀ ಹೆಸರು ಬದಲಾಗಿದ್ದರೆ ಒಟ್ಟು ಸಾವಿನ ಸಂಖ್ಯೆ ಇದ್ದಲ್ಲೇ ಇರಬೇಕಿತ್ತು.

ಹಾಗಾದರೆ ಉಸಿರಾಟದ ಕಾಯಿಲೆಗಳ ಸಾವು ಇಳಿದದ್ದೇಕೆ? ಒಂದು ಕಾರಣ ಲೆಕ್ಕ ಬರೆಯುವ ನಿಯಮ. ಸಾವಿಗೆ ದಾರಿ ಮಾಡಿದ ಮೂಲ ಕಾಯಿಲೆ ಯಾವುದೋ, ಸಾವು ಅದರ ಖಾತೆಗೆ ಸೇರುತ್ತದೆ. ಕೋವಿಡ್‌ನಿಂದ ನ್ಯುಮೋನಿಯಾ ಆಗಿ ಸತ್ತರೆ ಅದು ಕೋವಿಡ್ ಸಾವು. ಇದು ಮೋಸವಲ್ಲ, ಬೇರೆ ಕಾಯಿಲೆಗಳಿಗೂ ಇದೇ ನಿಯಮ. ಇನ್ನೊಂದು ಕಾರಣ ಹೇಳಲು ಕಷ್ಟವಾಗುತ್ತದೆ. ಮೊದಲೇ ಶ್ವಾಸಕೋಶ ಕೆಟ್ಟಿದ್ದ ಅನೇಕರನ್ನು ಕೋವಿಡ್ ಮುಂಚೆಯೇ ಕರೆದೊಯ್ದಿತು. ಮುಂದಿನ ವರ್ಷ ಸಿಒಪಿಡಿ ಲೆಕ್ಕದಲ್ಲಿ ಸೇರಲು ಅವರು ಉಳಿದಿರಲಿಲ್ಲ.

ಇನ್ನು ಫ್ಲೂ ಮಾತ್ರ ನಿಜವಾಗಿಯೂ ಮಾಯವಾಗಿತ್ತು. ಮಾಸ್ಕ್, ಶಾಲೆಗಳಿಗೆ ರಜೆ, ನಿಂತುಹೋದ ವಿಮಾನಗಳು, ಇವೆಲ್ಲ ಫ್ಲೂ ಹರಡುವುದನ್ನೂ ತಡೆದವು. 2020-21ರ ಫ್ಲೂ ಕಾಲದಲ್ಲಿ ಅಮೆರಿಕದ ಆಸ್ಪತ್ರೆ ಲ್ಯಾಬ್‌ಗಳು 8 ಲಕ್ಷಕ್ಕೂ ಹೆಚ್ಚು ಮಾದರಿಗಳನ್ನು ಫ್ಲೂಗಾಗಿಯೇ ಪರೀಕ್ಷಿಸಿದವು. ಪಾಸಿಟಿವ್ ಬಂದದ್ದು ಶೇ. 0.2 ಮಾತ್ರ. ಹುಡುಕಿದರೂ ಸಿಗಲಿಲ್ಲ ಎನ್ನುವುದಕ್ಕೂ ಸಿಕ್ಕಿದ್ದನ್ನು ಮುಚ್ಚಿಟ್ಟರು ಎನ್ನುವುದಕ್ಕೂ ತುಂಬಾ ವ್ಯತ್ಯಾಸವಿದೆ. ‘ಬಿ/ಯಮಗಾಟಾ’ ಎಂಬ ಫ್ಲೂ ವೈರಸ್ ಬಳಗವಂತೂ 2020ರ ಮಾರ್ಚ್ ನಂತರ ಜಗತ್ತಿನಲ್ಲಿ ಎಲ್ಲೂ ಖಚಿತವಾಗಿ ಪತ್ತೆಯಾಗದೆ, ಕೊನೆಗೆ ಅದನ್ನು ಲಸಿಕೆಯಿಂದಲೇ ಕೈಬಿಟ್ಟರು.

ನಮ್ಮ ದೇಶದಲ್ಲಿ ಇಂಥ ಹೋಲಿಕೆ ಅಷ್ಟು ಸುಲಭವಲ್ಲ. 2020ರಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ದೃಢೀಕರಿಸಿದ್ದು ಶೇ. 22.5ಕ್ಕೆ ಮಾತ್ರ. ಹಾಗಾಗಿ ಇಲ್ಲಿಯೂ ಒಟ್ಟು ಸಂಖ್ಯೆಯನ್ನೇ ನೋಡಬೇಕು: 2019ರಲ್ಲಿ 76.4 ಲಕ್ಷ, 2020ರಲ್ಲಿ 81.2 ಲಕ್ಷ, 2021ರಲ್ಲಿ 1.02 ಕೋಟಿ. ಏರಿಕೆಯೆಲ್ಲ ಕೋವಿಡ್‌ನದ್ದಲ್ಲ, ನೋಂದಣಿಯೂ ವರ್ಷದಿಂದ ವರ್ಷಕ್ಕೆ ಸುಧಾರಿಸುತ್ತಿತ್ತು. 2020-21ರಲ್ಲಿ ಭಾರತದಲ್ಲಿ ಸುಮಾರು 47 ಲಕ್ಷ ಹೆಚ್ಚುವರಿ ಸಾವುಗಳಾಗಿವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದಾಗ ಕೇಂದ್ರ ಸರ್ಕಾರ ಆ ಲೆಕ್ಕಾಚಾರದ ವಿಧಾನವನ್ನು ಒಪ್ಪಲಿಲ್ಲ.

“ನಮ್ಮ ಅಜ್ಜನ ಮರಣ ಪ್ರಮಾಣಪತ್ರದಲ್ಲಿ ಕೋವಿಡ್ ಅಂತ ಇಲ್ಲವಲ್ಲ” ಎಂದು ಕೇಳುವವರೂ ಇದ್ದಾರೆ. ಪಂಚಾಯಿತಿ ಅಥವಾ ಪಾಲಿಕೆ ಕೊಡುವ ಆ ಪತ್ರದಲ್ಲಿ ಯಾರ ಸಾವಿನ ಕಾರಣವನ್ನೂ ಬರೆಯುವುದಿಲ್ಲ. ಕಾರಣ ಇರುವುದು ವೈದ್ಯರು ತುಂಬಿಕೊಡುವ ಬೇರೆಯೇ ಪತ್ರದಲ್ಲಿ. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಆಸ್ಪತ್ರೆಯಲ್ಲಿ ಸಾವು ಸಂಭವಿಸಿದರೆ ಅದರ ಒಂದು ಪ್ರತಿಯನ್ನು ಹತ್ತಿರದ ಸಂಬಂಧಿಕರಿಗೂ ಕೊಡಬೇಕು. ಕೊಡದಿದ್ದರೆ ಕೇಳಿ ಪಡೆಯಿರಿ.