ಬೋರ್ಡೋ ಬೇಡ, ಲಿವಾಕ್ಕೆ ಹೋಗೋಣ

ಈ ಬೇಸಿಗೆ ರಜೆಗೆ ನಮ್ಮ ಕಟ್ಟಡದ ಎರಡು ಸಂಸಾರಗಳು ಫ್ರಾನ್ಸಿನ ಬೋರ್ಡೋಗೆ ಹೊರಟವು. ದ್ರಾಕ್ಷಿ ತೋಟ ಸುತ್ತುವುದು, ವೈನ್ ರುಚಿ ನೋಡುವುದು, ಚೀಸ್ ತಿನ್ನುವುದು. ಊರಿನಿಂದ ಬಂದಿದ್ದ ನನ್ನ ಅಪ್ಪ ಹೆಸರು ಕೇಳಿದ್ದೇ ತಡ, "ಅದು ಮೈಲುತುತ್ತಿನ ಊರಲ್ಲವಾ?" ಎಂದರು. ಅಡಿಕೆ ತೋಟದವರಿಗೆ ಬೋರ್ಡೋ ಎಂದರೆ ಅಷ್ಟೇ ನೋಡಿ! 1885ರ ಸುಮಾರಿಗೆ ಅಲ್ಲಿನ ಮಿಲ್ಲಾರ್ಡೆ ಎಂಬ ಸಸ್ಯವಿಜ್ಞಾನಿ ದ್ರಾಕ್ಷಿ ಬಳ್ಳಿಯ ರೋಗಕ್ಕೆ ಹೇಳಿಕೊಟ್ಟ ಮೈಲುತುತ್ತು-ಸುಣ್ಣದ ದ್ರಾವಣವೇ ಇಂದಿಗೂ ನಮ್ಮ ಕೊಳೆರೋಗಕ್ಕೆ ಮದ್ದು. ಅಪ್ಪನೂ ಮೊದಲ ಸಲದ ಮದ್ದು ಬಿಡಿಸಿ, ತೋಟವನ್ನು ನನ್ನ ತಮ್ಮನಿಗೆ ಒಪ್ಪಿಸಿಯೇ ವಿಮಾನ ಹತ್ತಿದ್ದರು.

ನಮ್ಮ ಮನೆಗೆ ವೈನೂ ಆಗದು, ಯುರೋಪಿನ ಟಿಕೆಟ್ಟೂ ಆಗದು. ಆದರೆ ತೋಟ ಸುತ್ತಿ ರುಚಿ ನೋಡುವ ಸೀಮೆಯೊಂದು ಇಲ್ಲೇ ಇದೆಯಲ್ಲ! ಅಬುಧಾಬಿಯಿಂದ ಎರಡೂವರೆ ಗಂಟೆ ದಾರಿ, ದುಬೈಯವರಿಗೆ ಇನ್ನೊಂದು ಒಂದೂವರೆ ಗಂಟೆ ಸೇರಿಸಿ. ಅದೇ ಲಿವಾ, ಖರ್ಜೂರದ ಸೀಮೆ. ಅಬುಧಾಬಿಯನ್ನು ಆಳುವ ಮನೆತನದ ಮೂಲವೂ ಇಲ್ಲೇ. 1790ರ ದಶಕದಲ್ಲಿ ಅವರು ಇಲ್ಲಿಂದ ಅಬುಧಾಬಿ ದ್ವೀಪಕ್ಕೆ ನೆಲೆ ಬದಲಿಸಿದರು.

ಹೋಗುವುದಾದರೆ ಜುಲೈಯಲ್ಲೇ ಹೋಗಿ. ಬಿಸಿಲು 45 ಡಿಗ್ರಿ ದಾಟುತ್ತದೆ, ನಿಜ. ಆದರೆ ಖರ್ಜೂರ ಹಣ್ಣಾಗುವುದೂ ಆಗಲೇ, ಲಿವಾದ ಖರ್ಜೂರ ಉತ್ಸವ ನಡೆಯುವುದೂ ಆಗಲೇ. ಬಗೆಬಗೆಯ ತಳಿಗಳಿಗೆ ಬೇರೆ ಬೇರೆ ಸ್ಪರ್ಧೆ, ಜೊತೆಗೆ ಮಾವು, ನಿಂಬೆಗೂ ಬಹುಮಾನ! ನಮ್ಮ ಕೃಷಿಮೇಳದ ಹಾಗೆಯೇ, ಎಸಿ ಒಂದು ಹೆಚ್ಚು.

ಖರ್ಜೂರ ಎಂದರೆ ರಂಜಾನ್ ಹೊತ್ತಿಗೆ ಸೂಪರ್ ಮಾರ್ಕೆಟ್ಟಿನ ಡಬ್ಬಿಯಲ್ಲಿ ಸಿಗುವ ಕಂದು ಹಣ್ಣು ಎಂದುಕೊಂಡವರು ಒಮ್ಮೆ ಇಲ್ಲಿ ಬಾಯಿಗೆ ಹಾಕಿ ನೋಡಬೇಕು. ಒಂದೇ ಕಾಯಿಗೆ ನಾಲ್ಕು ಅವಸ್ಥೆ. ಹಸಿರು ಕಾಯಿ ಕಿಮ್ರಿ. ಹಳದಿಯೋ ಕೆಂಪೋ ಆಗಿ ಗಟ್ಟಿಯಾಗಿರುವಾಗ ಖಲಾಲ್. ಮೆತ್ತಗಾದರೆ ರುತಬ್. ಒಣಗಿದರೆ ತಮ್ರ್. ಬರ್ಹಿ ಎಂಬ ತಳಿಯನ್ನು ಹಳದಿ ಇರುವಾಗಲೇ ಕರುಂ ಕುರುಂ ಎಂದು ತಿನ್ನಬಹುದು. ಖನೀಜಿ ಕೆಂಪಿನದು. ಖಲಾಸ್‌ನ ರುತಬ್ ಮಾತ್ರ ಬೇರೆಯೇ ಸಂಗತಿ, ಆಗತಾನೆ ಇಳಿಸಿದ ಜೋನಿಬೆಲ್ಲದ ರುಚಿ! ನನ್ನ ಮಗಳು ಬುಮಾನ್ ಪರ, ಮಗ ಖಲಾಸ್ ಪರ, ಕಾರಿನಲ್ಲಿ ಅಬುಧಾಬಿ ತಲುಪುವವರೆಗೂ ಜಗಳ. ಜೊತೆಗೆ ಏಲಕ್ಕಿ ಹಾಕಿದ ಗಹ್ವಾ. ಬಟ್ಟಲನ್ನು ಅಲ್ಲಾಡಿಸಿ ಕೊಡದಿದ್ದರೆ ಸುರಿಯುತ್ತಲೇ ಇರುತ್ತಾರೆ, ನೆನಪಿರಲಿ. ಖರ್ಜೂರದ ಪಾಕ ಸುರಿದ ಲುಗೈಮಾತ್ ನಮ್ಮ ಸುಟ್ಟವಿನ ದೂರದ ನೆಂಟ. ಸಂಜೆ ತಂಪಾದ ಮೇಲೆ ಸುಮಾರು 300 ಮೀಟರ್ ಎತ್ತರದ ತಲ್ ಮೊರೀಬ್ ಮರಳು ದಿಬ್ಬ ನೋಡಿ ಬಂದೆವು. ಫೋಟೋಗಳನ್ನು ನೀವು ಈಗಾಗಲೇ ನೋಡಿರುತ್ತೀರಿ.

ಅಪ್ಪನಿಗೆ ಹಣ್ಣಿಗಿಂತ ಮರದ ಮೇಲೇ ಕಣ್ಣು. ಗಂಡು ಮರ, ಹೆಣ್ಣು ಮರ ಬೇರೆ ಬೇರೆ, ಪ್ರತಿ ಹೆಣ್ಣು ಮರದ ಹಿಂಗಾರಕ್ಕೂ ಕೈಯಲ್ಲೇ ಪರಾಗ ತಾಗಿಸಬೇಕು ಎಂದಾಗ ತಲೆದೂಗಿದರು. ಬೀಜ ಹಾಕಿದರೆ ತಳಿ ಉಳಿಯುವುದಿಲ್ಲ, ಬಾಳೆಯ ಹಾಗೆ ಕಂದು ಕಿತ್ತೇ ನೆಡಬೇಕು. ಹಾಬೂಲ್ ಎಂಬ ಹಗ್ಗವನ್ನು ಸೊಂಟಕ್ಕೂ ಮರಕ್ಕೂ ಸುತ್ತಿ ಒಬ್ಬ ಸರಸರ ಏರಿದಾಗ, "ನಮ್ಮವರ ಕಾಲಿನ ತಳೆಗೆ ಇದು ಸಮ ಇಲ್ಲ" ಎಂಬ ತೀರ್ಪು ಬಂತು.

ಮುಂದಿನ ಶನಿವಾರ ಅಲ್ ಐನ್‌ಗೆ ಹೋದೆವು. ನಗರದ ನಡುವೆ ಖರ್ಜೂರದ ತೋಪು, 2011ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ನೆರಳಲ್ಲಿ ನಡೆಯುತ್ತ ಹೋದರೆ ಪಕ್ಕದಲ್ಲೇ ಕಾಲುವೆ, ಹೆಸರು ಫಲಜ್. ಬೆಟ್ಟದ ಬುಡದ ನೀರನ್ನು ನೆಲದಡಿಯ ಸುರಂಗದಲ್ಲಿ, ಪಂಪಿಲ್ಲದೆ, ಇಳಿಜಾರಿನಲ್ಲೇ ತೋಟಕ್ಕೆ ತರುವ ಉಪಾಯ. ಸುತ್ತಲಿನ ಹಿಲಿಯಲ್ಲಿ ಸಿಕ್ಕಿರುವ ಫಲಜ್‌ಗೆ ಸುಮಾರು 3000 ವರ್ಷ. ಯಾರ ತೋಟಕ್ಕೆ ಎಷ್ಟು ಹೊತ್ತು ನೀರು ಎಂದು ಲೆಕ್ಕ ಇಡಲು ಅರೀಫ್ ಎಂಬವನಿರುತ್ತಿದ್ದ.

ಅಪ್ಪ ಅಲ್ಲೇ ಕಟ್ಟೆಯ ಮೇಲೆ ಕುಳಿತುಬಿಟ್ಟರು. ನಮ್ಮದು ಕಾಸರಗೋಡಿನ ಬಾಯಾರು ಕಡೆ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರಿನಲ್ಲೇ ನಮ್ಮ ತೋಟ ಬೆಳೆದದ್ದು, ನಾವೂ ಬೆಳೆದದ್ದು. ಸುತ್ತಮುತ್ತ ಬೋರ್‌ವೆಲ್ ಹೆಚ್ಚಾದ ಮೇಲೆ ಮಾರ್ಚ್ ಹೊತ್ತಿಗೆ ಅದರ ನೀರು ಕೈಬೆರಳಿನ ಗಾತ್ರ. ನಾವೂ ಬೋರ್ ತೆಗೆಸೋಣ ಎಂದು ತಮ್ಮ ಎರಡು ವರ್ಷದಿಂದ ಹಟ ಹಿಡಿದಿದ್ದಾನೆ, ಅಪ್ಪ ಒಪ್ಪಿಲ್ಲ.

"ಇಲ್ಲಿ ಮಳೆಯೇ ಇಲ್ಲ, ಆದರೂ ಹರಿಯುತ್ತದಲ್ಲ!" ಎಂದರು. ಫಲಕ ಓದಿ ಬಂದಿದ್ದ ಮಗಳು ಬಿಡಲಿಲ್ಲ. "ಅಜ್ಜ, ಅಂತರ್ಜಲ ಇಳಿದು ಹೋಗಿದೆಯಂತೆ. ಈಗ ಬೋರ್‌ವೆಲ್ ನೀರನ್ನೇ ಎತ್ತಿ ಇದರಲ್ಲಿ ಬಿಡುತ್ತಾರಂತೆ." ಅಪ್ಪ ನೀರಿಗೆ ಕೈ ಇಳಿಬಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. 3500 ಮಿಲಿಮೀಟರ್ ಮಳೆ ಸುರಿಯುವ ಊರಿನವರಿಗೆ ಈ ಮಾತು ಹೇಗೆ ಕೇಳಿಸಿತೋ.

ರಾತ್ರಿ ತಮ್ಮನಿಗೆ ಫೋನ್ ಮಾಡಿಸಿದರು. "ಮಳೆ ಬಿಟ್ಟ ಕೂಡಲೇ ಸುರಂಗದ ಒಳಗಿನ ಕುಸಿದ ಮಣ್ಣು ತೆಗೆಸು, ಜನಕ್ಕೆ ಈಗಲೇ ಹೇಳಿಡು. ಗುಡ್ಡದ ಮೇಲೆ ನಾಲ್ಕು ಇಂಗುಗುಂಡಿಯೂ ಆಗಲಿ." ಬೋರ್ ವಿಷಯ? ಅದನ್ನು ತಮ್ಮ ಕೇಳಿಯೇ ಕೇಳಿದ. "ದೀಪಾವಳಿ ಕಳೆಯಲಿ, ನೋಡುವ" ಎಂದು ಅಪ್ಪ ಫೋನ್ ನನ್ನ ಕೈಗಿತ್ತರು.

ಹೋಗುವವರಿಗೆ ಒಂದು ಮಾತು: ಅಲ್ ಐನ್ ತೋಪಿಗೆ ಬೆಳಿಗ್ಗೆ ಬೇಗ ಹೋಗಿ, ಬಾಡಿಗೆಗೆ ಸೈಕಲ್ ಸಿಗುತ್ತದೆ. ಲಿವಾದಿಂದ ರುತಬ್ ತಂದರೆ ಫ್ರಿಜ್ಜಿನಲ್ಲೇ ಇಡಿ, ಬೇಗ ಹುಳಿಯಾಗುತ್ತದೆ.