ಬರಿಗಾಲಿನ ಅಹಮದ್ ಖಾನರು

ಕೊಯ್ಲು ಮುಗಿದ ಬಾಕಿಮಾರು ಗದ್ದೆಗಳಲ್ಲಿ ಕತ್ತಲೆ ಕವಿಯುವವರೆಗೂ ಬರಿಗಾಲಿನಲ್ಲಿ ಚೆಂಡನ್ನು ಅಟ್ಟಿಕೊಂಡು ಓಡುವ ನಮ್ಮ ಕಲ್ಲಡ್ಕ, ಬಂಟ್ವಾಳದ ಕಡೆಯ ಹುಡುಗರು, ಅಂತಹುದೇ ಬರಿಗಾಲಿನಿಂದ ಒಲಿಂಪಿಕ್ ಕ್ರೀಡಾಂಗಣವನ್ನು ಹೊಕ್ಕ ಬೆಂಗಳೂರಿನ ಅಹಮದ್ ಖಾನರ ಹೆಸರನ್ನು ಅವಶ್ಯವಾಗಿ ಅರಿತಿರಬೇಕು.

ಖಾನರ ಹಾದಿಯನ್ನು ಅರಿಯಲು, ಆಟವು ವೃತ್ತಿಯಾದ ಬಗೆಯನ್ನು ಮೊದಲು ನೋಡಬೇಕು. ಅಮೆರಿಕದವರು ಫುಟ್‌ಬಾಲ್ ಎನ್ನುವುದು ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಬೇರೆಯೇ ಆಟ. ಅಲ್ಲಿ 1892ರ ನವೆಂಬರ್ 12ರಂದು ಅಲೆಘೆನಿಯ ಕ್ಲಬ್ಬೊಂದು ವಿಲಿಯಂ ಹೆಫಲ್‌ಫಿಂಗರ್ ಎಂಬಾತನಿಗೆ ಒಂದೇ ಪಂದ್ಯಕ್ಕೆ 500 ಡಾಲರು ಸಲ್ಲಿಸಿ, ಆಟಕ್ಕೆ ವೃತ್ತಿಯ ಸ್ಥಾನವನ್ನು ಕಲ್ಪಿಸಿತು. ನಮ್ಮಲ್ಲಾದರೋ, ಐವತ್ತು ವರ್ಷಗಳು ಕಳೆದ ಮೇಲೂ ಅಂತಹ ವೃತ್ತಿಯೊಂದು ಹೆಸರಿಗೂ ಇರಲಿಲ್ಲ. ಕಾಲ್ಚೆಂಡನ್ನೇ ಬಾಳಿನ ಕಾಯಕವಾಗಿಸಿಕೊಳ್ಳಬಯಸಿದ ದಕ್ಷಿಣದ ತರುಣರು ಕಲ್ಕತ್ತೆಯ ಕ್ಲಬ್ಬುಗಳನ್ನೇ ಆಶ್ರಯಿಸಬೇಕಾಗುತ್ತಿತ್ತು.

1926ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಖಾನರು, 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ, ಬಹುಮಂದಿ ಬೂಟಿಲ್ಲದೆಯೇ ಆಡಿದ ಭಾರತ ತಂಡದಲ್ಲಿದ್ದರು. ಜುಲೈ 31ರಂದು ಫ್ರಾನ್ಸಿನೆದುರು ಎರಡು ಪೆನಾಲ್ಟಿಗಳು ವ್ಯರ್ಥವಾಗಿ, 2–1ರಿಂದ ಸೋತ ಆ ಪಂದ್ಯವನ್ನು ಸೋಲೆಂದು ಕರೆಯಲು ನನ್ನ ಮನಸ್ಸು ಒಪ್ಪದು. ಮರುವರ್ಷ ಅವರು ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬನ್ನು ಸೇರಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ ಮತ್ತು ಅಹಮದ್ ಖಾನ್—ದಕ್ಷಿಣದಿಂದ ಹೋದ ಈ ಐವರು ಮುನ್ನಡೆಯ ಆಟಗಾರರನ್ನು ಬಂಗಾಳದ ಜನ 'ಪಂಚಪಾಂಡವರು' ಎಂದು ಕೊಂಡಾಡಿದರು. 1949, 1950, 1951ರಲ್ಲಿ ಸತತವಾಗಿ ಐ.ಎಫ್.ಎ. ಶೀಲ್ಡ್ ಆ ಕ್ಲಬ್ಬಿನ ಪಾಲಾಯಿತು. ಎದುರಾಳಿಗಳ ಕಾಲುಗಳ ನಡುವೆ ಚೆಂಡನ್ನು ಅತ್ತಿತ್ತ ಹೊರಳಿಸುತ್ತ, ಅವರ ದೃಷ್ಟಿಯನ್ನು ವಂಚಿಸಿ, ಕ್ಷಣಮಾತ್ರದಲ್ಲಿ ಜೊತೆಗಾರನಿಗೆ ದಾಟಿಸಿಬಿಡುವ ಖಾನರ ಕೌಶಲಕ್ಕೆ ಬೆರಗಾದವರು ಅವರನ್ನು ಹಾವಾಡಿಗನೆಂದೇ ಕರೆದರು.

1951ರ ಮಾರ್ಚಿನಲ್ಲಿ ದೆಹಲಿಯ ಪ್ರಥಮ ಏಷ್ಯನ್ ಕ್ರೀಡಾಕೂಟದ ಅಂತಿಮ ಪಂದ್ಯದಲ್ಲಿ ಇರಾನನ್ನು 1–0ರಿಂದ ಮಣಿಸಿ ಸ್ವರ್ಣಪದಕವನ್ನು ಗಳಿಸಿದ ತಂಡದಲ್ಲಿಯೂ ಅವರಿದ್ದರು. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ 10 ಗೋಲುಗಳಿಂದ ಭಾರತವನ್ನು ಜರ್ಝರಿತಗೊಳಿಸಿದಾಗ, ನಮ್ಮ ಪರವಾಗಿ ಸಂದ ಏಕೈಕ ಗೋಲು ಖಾನರದು. ಹತ್ತರ ಲೆಕ್ಕವನ್ನು ನೆನೆದು ನಾಚುವವರು ಆ ಒಂದನ್ನು ಮರೆಯುವುದು ಅನ್ಯಾಯ: ಪಂದ್ಯ ಕೈಮೀರಿ ಹೋಗಿ, ಗಡಿಯಾರ ಮುಗಿತಾಯದತ್ತ ಸರಿದಿದ್ದಾಗಲೂ ಗೋಲನ್ನರಸಿ ಮುನ್ನುಗ್ಗಿದ ಛಲ ಅದು. ಆ ಪರಾಭವದ ತರುವಾಯವೇ ಬೂಟು ಧರಿಸುವುದನ್ನು ಕಡ್ಡಾಯಗೊಳಿಸಲಾಯಿತು.

ಸುಮಾರು ಒಂದು ದಶಕವನ್ನು ಈಸ್ಟ್ ಬೆಂಗಾಲಿನಲ್ಲಿಯೇ ಕಳೆದ ಖಾನರ ಆಟದ ದಿನಗಳು, 1961ರಲ್ಲಿ ಅರ್ಜುನ ಪ್ರಶಸ್ತಿ ಸ್ಥಾಪಿತವಾಗುವ ವೇಳೆಗೆ ಮುಗಿದುಹೋಗಿದ್ದವು. 2017ರ ಆಗಸ್ಟ್ 27ರಂದು, ತಮ್ಮ ತೊಂಬತ್ತನೆಯ ವಯಸ್ಸಿನಲ್ಲಿ, ಅವರು ಬೆಂಗಳೂರಿನಲ್ಲಿಯೇ ನಿಧನ ಹೊಂದಿದರು.