ಕೆಡಿಸಿ ಕಲಿಯುವ ನೆಟ್‌ವರ್ಕ್

ಸಿಸಿಎನ್‌ಎ ಪರೀಕ್ಷೆಗೆ ಕೂರಬೇಕೆಂದು ನನ್ನ ಹತ್ತಿರ ಬರುವ ಹುಡುಗ ಹುಡುಗಿಯರಲ್ಲಿ ಬಹಳ ಮಂದಿ ಮೊದಲ ದಿನವೇ ಕೇಳುವ ಪ್ರಶ್ನೆ, “ಡಂಪ್ಸ್ ಅದಾವೇನ್ರೀ ಸರ್?” ಹಿಂದೆ ಪರೀಕ್ಷೆ ಬರೆದವರು ನೆನಪಿಟ್ಟುಕೊಂಡು ಬಂದ ಪ್ರಶ್ನೋತ್ತರಗಳ ಕಟ್ಟಿಗೆ ಡಂಪ್ಸ್ ಎನ್ನುತ್ತಾರೆ. ಅದು ದುಡ್ಡಿಗೆ ಸಿಗುತ್ತದೆ. ಹಗಲು ಒಂದು ಕಂಪನಿಯ ನೆಟ್‌ವರ್ಕ್ ನೋಡಿಕೊಂಡು, ಸಂಜೆ ಹುಬ್ಬಳ್ಳಿಯ ಒಂದು ಮಹಡಿ ಕೋಣೆಯಲ್ಲಿ ಪಾಠ ಹೇಳುವ ನನಗೆ ಈ ಪ್ರಶ್ನೆ ಕಿವಿಗೆ ಬಿದ್ದಾಗಲೆಲ್ಲ ಸಂಕಟವಾಗುತ್ತದೆ. ಬಂದವರು ಡಿಪ್ಲೊಮಾ, ಬಿಸಿಎ ಮುಗಿಸಿದ ಮಕ್ಕಳು. ಪರೀಕ್ಷೆಯ ಶುಲ್ಕವೇ 300 ಡಾಲರ್. ತೆರಿಗೆ ಸೇರಿದರೆ 25 ಸಾವಿರ ರೂಪಾಯಿ ದಾಟುತ್ತದೆ. ಅಷ್ಟು ದುಡ್ಡನ್ನು ಅಪ್ಪನೋ ಅಣ್ಣನೋ ಹೊಂದಿಸಿ ಕೊಟ್ಟಿರುತ್ತಾರೆ. ಅದರಲ್ಲಿ ಕೊಳ್ಳುವುದು ಬರೀ ಒಂದು ಪ್ರಮಾಣಪತ್ರವಾಗಬಾರದು, ಕೈಗೊಂದು ಕೆಲಸ ಬರಬೇಕು ಎಂಬುದೇ ನನ್ನ ಹಟ.

ಸಿಸಿಎನ್‌ಎ ಎಂಬುದು ಸಿಸ್ಕೊ ಕಂಪನಿ 1998ರಲ್ಲಿ ಶುರು ಮಾಡಿದ ಪರೀಕ್ಷೆ. ನಡುವೆ ಹಲವು ಕವಲಾಗಿ ಒಡೆದಿದ್ದನ್ನು 2020ರ ಫೆಬ್ರವರಿಯಲ್ಲಿ ಮತ್ತೆ ಒಂದೇ ಮಾಡಿದರು. ಅವಧಿ 120 ನಿಮಿಷ, ಪಾಸಾದರೆ ಮೂರು ವರ್ಷ ಮಾನ್ಯತೆ. ಒಂದು ಪ್ರಶ್ನೆ ದಾಟಿದ ಮೇಲೆ ಹಿಂದಕ್ಕೆ ಹೋಗಿ ತಿದ್ದುವಂತಿಲ್ಲ. ಕ್ಯಾಲ್ಕುಲೇಟರ್ ಕೂಡ ಇಲ್ಲ. ಯಾವ ಕಂಪನಿಯ ಉಪಕರಣಕ್ಕೂ ಅಂಟಿಕೊಳ್ಳದ ಇನ್ನೊಂದು ಪರೀಕ್ಷೆ ಕಾಂಪ್‌ಟಿಯಾದ ನೆಟ್‌ವರ್ಕ್ ಪ್ಲಸ್: 90 ನಿಮಿಷ, ಹೆಚ್ಚೆಂದರೆ 90 ಪ್ರಶ್ನೆ. 2024ರಲ್ಲಿ ಬಂದ ಅದರ ಪಠ್ಯಕ್ರಮದಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು, ಶೇ. 24, ಟ್ರಬಲ್‌ಶೂಟಿಂಗ್‌ಗೆ ಇದೆ. ಅಂದರೆ ಕೆಟ್ಟದ್ದನ್ನು ಹುಡುಕಿ ಸರಿಮಾಡುವ ವಿದ್ಯೆಗೆ. ನಮ್ಮ ಮಕ್ಕಳ ತಯಾರಿಯಲ್ಲಿ ಎಲ್ಲಕ್ಕಿಂತ ಕಡಿಮೆ ಸಮಯ ಸಿಗುವುದೂ ಅದಕ್ಕೇ.

ಸಾಮಾನ್ಯವಾಗಿ ಅಭ್ಯಾಸ ಹೇಗೆ ನಡೆಯುತ್ತದೆ ನೋಡಿ. ಸಿಸ್ಕೊದ ಪ್ಯಾಕೆಟ್ ಟ್ರೇಸರ್ ಎಂಬ ತಂತ್ರಾಂಶ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಹೆಸರು ನೋಂದಾಯಿಸಿದರೆ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಪರದೆಯ ಮೇಲೆಯೇ ರೂಟರ್, ಸ್ವಿಚ್, ಕಂಪ್ಯೂಟರ್‌ಗಳನ್ನು ಎಳೆದು ತಂದು ಜೋಡಿಸಬಹುದು. ಹುಡುಗ ಒಂದು ವಿಡಿಯೊ ಹಾಕಿಕೊಳ್ಳುತ್ತಾನೆ, ಅದರಲ್ಲಿ ತೋರಿಸಿದ ಕಮಾಂಡುಗಳನ್ನೇ ಒಂದೊಂದಾಗಿ ಟೈಪಿಸುತ್ತಾನೆ, ಕೊನೆಗೆ ಆಚೆ ತುದಿ ತಲುಪುತ್ತದೆಯೇ ಎಂದು ನೋಡುವ ಪಿಂಗ್ ಹೊಡೆದರೆ ಉತ್ತರ ಬರುತ್ತದೆ. ಖುಷಿಯಾಗಿ ಲ್ಯಾಪ್‌ಟಾಪ್ ಮುಚ್ಚುತ್ತಾನೆ. ನನ್ನ ದೃಷ್ಟಿಯಲ್ಲಿ ಪಾಠ ಶುರುವಾಗಬೇಕಾದದ್ದೇ ಆಗ. ಕೆಲಸಕ್ಕೆ ಸೇರಿದ ಮೇಲೆ ಹೊಸ ನೆಟ್‌ವರ್ಕ್ ಕಟ್ಟುವ ಅವಕಾಶ ಅಪರೂಪ. ದಿನಬೆಳಗಾದರೆ ಎದುರಾಗುವುದು ಬೇರೆ ಯಾರೋ ಕಟ್ಟಿದ, ಇನ್ಯಾರೋ ತಿದ್ದಿದ, ಇವತ್ತು ಇದ್ದಕ್ಕಿದ್ದಂತೆ ನಿಂತುಹೋದ ನೆಟ್‌ವರ್ಕ್.

ಅದಕ್ಕೇ ನನ್ನ ತರಗತಿಯಲ್ಲಿ ಒಂದು ಪದ್ಧತಿ ಇಟ್ಟಿದ್ದೇನೆ. ಮಕ್ಕಳು ಎಲ್ಲವನ್ನೂ ಜೋಡಿಸಿ ಪಿಂಗ್ ಬಂದ ಮೇಲೆ ಚಹಾಕ್ಕೆ ಕಳಿಸುತ್ತೇನೆ. ಅವರು ಬರುವಷ್ಟರಲ್ಲಿ ಒಂದು ದೋಷ ಹುದುಗಿಸಿಟ್ಟಿರುತ್ತೇನೆ.

ಒಂದು ದೋಷವನ್ನು ಬಿಡಿಸಿ ಹೇಳುತ್ತೇನೆ. ಎರಡು ಸ್ವಿಚ್, ಒಂದು ರೂಟರ್. ಅಕೌಂಟ್ಸ್ ವಿಭಾಗ ವಿ-ಲ್ಯಾನ್ 20ರಲ್ಲಿದೆ. ಒಂದೇ ಸ್ವಿಚ್ಚನ್ನು ಒಳಗೊಳಗೇ ಬೇರೆ ಬೇರೆ ಪಾಲು ಮಾಡುವ ಏರ್ಪಾಡಿಗೆ ವಿ-ಲ್ಯಾನ್ ಎನ್ನುತ್ತಾರೆ. ಎರಡು ಸ್ವಿಚ್‌ಗಳ ನಡುವೆ ಈ ಎಲ್ಲ ಪಾಲುಗಳ ಸಂಚಾರವನ್ನೂ ಹೊರುವ ಕೊಂಡಿಗೆ ಟ್ರಂಕ್. ಈಗ ಸಿಸಿಟಿವಿಗೆಂದು ವಿ-ಲ್ಯಾನ್ 30 ಸೇರಿಸಬೇಕಾಗಿದೆ ಎಂದುಕೊಳ್ಳಿ. ಟ್ರಂಕ್ ಮೇಲೆ ‘ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿ-ಲ್ಯಾನ್ ಆ್ಯಡ್ 30’ ಎಂದು ಕೊಡಬೇಕು. ‘ಆ್ಯಡ್’ ಎಂಬುದನ್ನು ಬಿಟ್ಟು ಕೊಟ್ಟರೂ ಸ್ವಿಚ್ ತಕರಾರು ಮಾಡುವುದಿಲ್ಲ. ಆದರೆ 30ನ್ನು ಪಟ್ಟಿಗೆ ಸೇರಿಸುವ ಬದಲು ಹಳೆಯ ಪಟ್ಟಿಯನ್ನೇ ಅಳಿಸಿ 30 ಒಂದನ್ನೇ ಇಟ್ಟುಕೊಳ್ಳುತ್ತದೆ. ಕ್ಯಾಮೆರಾ ಬರುತ್ತದೆ, ಅಕೌಂಟ್ಸ್ ಹೋಗುತ್ತದೆ. ನಿಜವಾದ ಕಚೇರಿಗಳನ್ನು ಕತ್ತಲಲ್ಲಿ ಕೂರಿಸಿದ ದೋಷ ಇದು, ಈ ಕಸುಬಿನಲ್ಲಿರುವವರಿಗೆಲ್ಲ ಗೊತ್ತು.

ಗದಗ ಕಡೆಯ ಒಬ್ಬ ಹುಡುಗಿಗೆ ಇದನ್ನೇ ಕೊಟ್ಟಿದ್ದೆ. “ಪಿಂಗ್ ಆಗವಲ್ದ್ರೀ ಸರ್” ಎಂದಳು. ಯಾವುದರಿಂದ ಯಾವುದಕ್ಕೆ ಎಂದು ಕೇಳಿದೆ. ಅಲ್ಲಿಂದ ಅವಳ ತನಿಖೆ ಶುರುವಾಯಿತು. ಮೊದಲು ಕಂಪ್ಯೂಟರಿನ ವಿಳಾಸ ನೋಡಿದಳು: 169.254ರಿಂದ ಶುರುವಾಗಿತ್ತು. ವಿಳಾಸ ಹಂಚುವ ಡಿಎಚ್‌ಸಿಪಿಯಿಂದ ಉತ್ತರ ಬರದಿದ್ದಾಗ ಕಂಪ್ಯೂಟರ್ ತಾನೇ ಹಾಕಿಕೊಳ್ಳುವ ವಿಳಾಸ ಅದು. ಪಕ್ಕದ ಕಂಪ್ಯೂಟರಿಗೂ ಅದೇ ಗತಿ. ಆದರೆ ಒಂದರಿಂದ ಇನ್ನೊಂದಕ್ಕೆ ಪಿಂಗ್ ಮಾಡಿದರೆ ಉತ್ತರ ಬಂತು! ಇಲ್ಲಿ ಅವಳು ಕೀಬೋರ್ಡಿನಿಂದ ಕೈ ತೆಗೆದು ಯೋಚಿಸಿದ್ದನ್ನು ನಾನು ಮೆಚ್ಚಿಕೊಂಡೆ. ಕೇಬಲ್ ಸರಿ ಇದೆ, ಪೋರ್ಟ್ ಸರಿ ಇದೆ, ಎರಡೂ ಒಂದೇ ವಿ-ಲ್ಯಾನ್‌ನಲ್ಲಿವೆ. ಹಾಗಾದರೆ ತೊಂದರೆ ಈ ಸ್ವಿಚ್ಚಿನಿಂದ ಆಚೆ ಹೋಗುವ ದಾರಿಯಲ್ಲಿದೆ. “ನಿನ್ನೆಯಿಂದ ಏನರ ಬದಲಾಗೇತೇನ್ರೀ?” ಎಂದು ನನ್ನನ್ನೇ ಕೇಳಿದಳು. ಹೊಸ ಕ್ಯಾಮೆರಾ ಹಾಕಿದ್ದಾರೆ ಎಂದೆ. ‘ಶೋ ಇಂಟರ್‌ಫೇಸಸ್ ಟ್ರಂಕ್’ ಕೊಟ್ಟಳು. ಅನುಮತಿ ಇರುವ ವಿ-ಲ್ಯಾನ್‌ಗಳ ಜಾಗದಲ್ಲಿ ಬರೀ 30. ಆಮೇಲಿನದು ಒಂದು ಸಾಲಿನ ಕೆಲಸ.

“ಏನು ಬದಲಾಯಿತು?” ಎಂಬ ಆ ಪ್ರಶ್ನೆ ಯಾವ ಡಂಪ್ಸ್‌ನಲ್ಲೂ ಸಿಗುವುದಿಲ್ಲ. ನೆಟ್‌ವರ್ಕ್ ಪ್ಲಸ್ ಪಠ್ಯದಲ್ಲಿ ಏಳು ಹೆಜ್ಜೆಗಳ ಒಂದು ಕ್ರಮವಿದೆ. ತೊಂದರೆ ಏನೆಂದು ತಿಳಿದುಕೊಳ್ಳುವುದರಿಂದ ಶುರುವಾಗಿ, ಕಾರಣ ಊಹಿಸಿ, ಊಹೆಯನ್ನು ಪರೀಕ್ಷಿಸಿ, ಸರಿಮಾಡಿ, ಕೊನೆಗೆ ಬರೆದಿಡುವ ತನಕ. ಪರೀಕ್ಷೆಗೆಂದು ಆ ಏಳನ್ನೂ ಬಾಯಿಪಾಠ ಮಾಡುತ್ತಾರೆ. ದೋಷ ಎದುರಿಗೆ ಬಂದಾಗ ಮಾತ್ರ ಏಕ್‌ದಮ್ ಐದನೆಯ ಹೆಜ್ಜೆಗೆ ಹಾರಿ ಸಿಕ್ಕಿದ್ದೆಲ್ಲ ಬದಲಾಯಿಸುತ್ತಾರೆ. ನಮ್ಮಲ್ಲಿ ಹಾಗಿಲ್ಲ. ಕಮಾಂಡ್ ಕೊಡುವ ಮೊದಲು ಊಹೆಯನ್ನು ಬಾಯಿಬಿಟ್ಟು ಹೇಳಬೇಕು, ಅದು ಸುಳ್ಳಾದರೆ ಪರದೆಯ ಮೇಲೆ ಏನು ಕಾಣಬೇಕು ಎಂದೂ ಹೇಳಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ. ಅದರಿಂದ ಸರಿಹೋಗದಿದ್ದರೆ ಮೊದಲಿನಂತೆ ಇಟ್ಟು ಮುಂದಿನದು. ಮೊದಮೊದಲು ಮಕ್ಕಳಿಗೆ ಇದು ಬೇಸರ ತರಿಸುತ್ತದೆ. ಆಮೇಲೆ ಬೇರೆ ಥರ ಕೆಲಸ ಮಾಡುವುದೇ ಅವರಿಗೆ ಬರುವುದಿಲ್ಲ.

ಪಿಂಗ್ ಬಗ್ಗೆಯೂ ಸ್ವಲ್ಪ ಹೇಳಬೇಕು. 1983ರ ಡಿಸೆಂಬರಿನಲ್ಲಿ ಅಮೆರಿಕದ ಸೇನೆಯ ಒಂದು ಪ್ರಯೋಗಾಲಯದಲ್ಲಿದ್ದ ಮೈಕ್ ಮೂಸ್ ಅದನ್ನು ಬರೆದದ್ದೇ ತಮ್ಮ ನೆಟ್‌ವರ್ಕ್ ವಿಚಿತ್ರವಾಗಿ ಆಡುತ್ತಿದ್ದುದನ್ನು ಪತ್ತೆ ಹಚ್ಚಲು. ನಲವತ್ತು ವರ್ಷ ದಾಟಿದ ಮೇಲೂ ನಾವೆಲ್ಲ ಮೊದಲು ಹಿಡಿಯುವ ಆಯುಧ ಅದೇ. ಆದರೆ ನಮ್ಮ ಮಕ್ಕಳು ಅದರ ಉತ್ತರವನ್ನು ‘ಬಂತು’, ‘ಬರಲಿಲ್ಲ’ ಎಂದು ಎರಡೇ ಬಗೆಯಲ್ಲಿ ಓದುತ್ತಾರೆ. ‘ಡೆಸ್ಟಿನೇಶನ್ ಹೋಸ್ಟ್ ಅನ್‌ರೀಚಬಲ್’ ಎಂದು ಬಂದರೆ ಯಾರೋ ಒಬ್ಬರು ‘ಮುಂದೆ ದಾರಿ ಇಲ್ಲ’ ಎಂದು ಹೇಳಿ ಕಳಿಸಿದ್ದಾರೆ ಎಂದರ್ಥ. ಹೇಳಿದವರ ವಿಳಾಸ ಅದೇ ಸಾಲಿನಲ್ಲಿರುತ್ತದೆ, ಹುಡುಕಾಟ ಅಲ್ಲಿಂದಲೇ ಶುರು ಮಾಡಬಹುದು. ‘ರಿಕ್ವೆಸ್ಟ್ ಟೈಮ್ಡ್ ಔಟ್’ ಎಂದು ಬಂದರೆ ಯಾರೂ ಏನೂ ಹೇಳಲಿಲ್ಲ. ನಡುವೆ ಫೈರ್‌ವಾಲ್ ನುಂಗಿರಬಹುದು. ಅಥವಾ ನಮ್ಮ ಪ್ಯಾಕೆಟ್ ಊರು ಮುಟ್ಟಿದೆ, ಆ ತುದಿಯ ರೂಟರಿಗೆ ನಮ್ಮ ಕಡೆ ವಾಪಸ್ ಬರುವ ದಾರಿ ಗೊತ್ತಿಲ್ಲದಿರಬಹುದು. ರೂಟಿಂಗ್ ಅಭ್ಯಾಸ ಮಾಡುವವರು ಒಂದೇ ದಿಕ್ಕಿಗೆ ದಾರಿ ಬರೆದು, ಎಲ್ಲಿ ತಪ್ಪಿತೆಂದು ತಲೆ ಕೆಡಿಸಿಕೊಳ್ಳುವುದು ಇಲ್ಲೇ. ಸಿಸಿಎನ್‌ಎಯಲ್ಲಿ ಶೇ. 25ರಷ್ಟು ಭಾಗ ಈ ದಾರಿಗಳ ವಿಷಯವೇ.

ವಿಳಾಸಗಳ ಗುಂಪನ್ನು ಚಿಕ್ಕ ಪಾಲುಗಳಾಗಿ ಒಡೆಯುವ ಸಬ್‌ನೆಟ್ಟಿಂಗ್‌ಗೆ ಮಾತ್ರ ಕಾಗದ ಪೆನ್ನು ಸಾಕು. /26 ಎಂದರೆ 64 ವಿಳಾಸ, ಬಳಸಲು ಸಿಗುವುದು 62, ಗಡಿಗಳು 0, 64, 128, 192. ಇದು ಮಗ್ಗಿಯಂತೆ ನಾಲಿಗೆಯ ಮೇಲಿರಬೇಕು.

ಪ್ಯಾಕೆಟ್ ಟ್ರೇಸರ್ ಎಷ್ಟು ಒಳ್ಳೆಯದಾದರೂ ಅದರಲ್ಲಿ ತಂತಿ ಸವೆಯುವುದಿಲ್ಲ. ನನ್ನ ಕೋಣೆಯಲ್ಲಿ ಒಂದು ಕ್ರಿಂಪಿಂಗ್ ಟೂಲ್, ಒಂದು ಕೇಬಲ್ ಟೆಸ್ಟರ್, ಬೇಕೆಂದೇ ಹಾಳು ಮಾಡಿಟ್ಟ ಕೆಲವು ಕೇಬಲ್‌ಗಳಿವೆ. ಅವುಗಳಲ್ಲಿ ಒಂದರ ಕಂದು ಜೋಡಿ ತುಂಡಾಗಿದೆ. 100 ಎಂಬಿಪಿಎಸ್‌ಗೆ ಕಿತ್ತಳೆ, ಹಸಿರು ಈ ಎರಡು ಜೋಡಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ಹಾಗಾಗಿ ಈ ಕೇಬಲ್ ಹಾಕಿದರೆ ನೆಟ್ ಬರುವುದಾದರೆ 100ರ ವೇಗದಲ್ಲೇ ಬರುತ್ತದೆ. “ನೆಟ್ ನಿಧಾನ ಅದ” ಎಂಬ ದೂರಿಗೆ ರೂಟರ್ ಬಿಚ್ಚಿ ಕೂರುವ ಮೊದಲು ಕೊಂಡಿ ಎಷ್ಟು ವೇಗದಲ್ಲಿ ಕೂತಿದೆ ಎಂದು ನೋಡುವ ಅಭ್ಯಾಸ ಈ ಒಂದು ಕೇಬಲ್ಲಿನಿಂದ ಹತ್ತುತ್ತದೆ.

ಹೀಗೆ ತಯಾರಾದವರಿಗೆ ಮುಂದಿನ ಮೆಟ್ಟಿಲುಗಳೂ ಇವೆ. ಸಿಸ್ಕೊದ ಅತಿ ಕಠಿಣ ಪರೀಕ್ಷೆಯಾದ ಸಿಸಿಐಇಯ ಲ್ಯಾಬ್ 8 ಗಂಟೆಯದು, ಅದರ ಕೇಂದ್ರ ನಮ್ಮ ಬೆಂಗಳೂರಿನಲ್ಲೇ ಇದೆ. ಅಲ್ಲಿ ಕಂಠಪಾಠಕ್ಕೆ ಬೆಲೆಯಿಲ್ಲ. ಹಾಗೆ ನೋಡಿದರೆ ಮೊದಲ ಕೆಲಸದ ಸಂದರ್ಶನದಲ್ಲೂ ಇಲ್ಲ: “ಯೂಸರ್‌ಗೆ ನೆಟ್ ಬರ್ತಿಲ್ಲ, ಎಲ್ಲಿಂದ ಶುರು ಮಾಡ್ತೀರಿ?” ಎಂದು ಕೇಳಿದರೆ ಡಂಪ್ಸ್ ಓದಿ ಪಾಸಾದವರು ಎರಡನೆಯ ವಾಕ್ಯಕ್ಕೇ ನಿಲ್ಲುತ್ತಾರೆ.

ಊರಿನಲ್ಲಿ ತರಗತಿ ಇಲ್ಲದವರು ಇಬ್ಬರು ಸ್ನೇಹಿತರಾದರೂ ಜೊತೆಯಾಗಿ. ಒಬ್ಬರು ಪ್ಯಾಕೆಟ್ ಟ್ರೇಸರಿನಲ್ಲಿ ಕೆಡಿಸಿದ ಫೈಲನ್ನು ಇನ್ನೊಬ್ಬರಿಗೆ ಕಳಿಸಲಿ. ಸಿಕ್ಕ ದೋಷ, ಅದರ ಲಕ್ಷಣ, ತಲುಪಿದ ದಾರಿ ಮೂರನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಇನ್ನು ಕಾಲೇಜುಗಳನ್ನು ನಡೆಸುವವರಲ್ಲಿ ನನ್ನದೊಂದು ಬೇಡಿಕೆ. ಹೊಸ ಉಪಕರಣ ಬಂದಾಗ ಕಳಚಿಟ್ಟ ಸ್ವಿಚ್, ರೂಟರ್‌ಗಳು ನಿಮ್ಮ ಸ್ಟೋರ್ ರೂಮಿನಲ್ಲಿ ಧೂಳು ತಿನ್ನುತ್ತಿರುತ್ತವೆ. ವಿ-ಲ್ಯಾನ್, ಟ್ರಂಕ್ ಕಲಿಯಲು ಸಿಸ್ಕೊದ ಹಳೆಯ 2960 ಸ್ವಿಚ್ ಇವತ್ತಿಗೂ ಸಾಕು. ಅವನ್ನು ಗುಜರಿಗೆ ಹಾಕಬೇಡಿ. ಒಂದು ಮೇಜಿನ ಮೇಲೆ ಜೋಡಿಸಿ, ಒಂದು ಕನ್ಸೋಲ್ ಕೇಬಲ್ ಕೊಟ್ಟು, ಸಂಜೆ ಹೊತ್ತು ಆ ಕೋಣೆಯ ಬೀಗ ತೆರೆದಿಡಿ.